ಕೈ ನೋಯ್ತಿದೆ, ಗಿಟಾರ್ ಬಿಟ್ಟುಬಿಡಲಾ?

ನಾನು ಗಿಟಾರ್ ನುಡಿಸ್ತೀನಿ, ಒಮ್ಮೆ ಕೈ ಕೆಡಿಸಿಕೊಂಡಿದ್ದೆ. ಇವೆರಡೂ ಗೊತ್ತಿರುವವರು ನನ್ನನ್ನು ಕೇಳುವುದು ಇದೇ ಪ್ರಶ್ನೆ. ಕೆಲವರು ಅದನ್ನೇ ತಿರುವಿ ಕೇಳುತ್ತಾರೆ: "ನೋವಿದ್ದರೂ ನುಡಿಸ್ತಾ ಹೋದ್ರೆ ತಾನಾಗೇ ಸರಿಹೋಗುತ್ತಾ?" ಎರಡಕ್ಕೂ ನನ್ನ ಉತ್ತರ ಇಲ್ಲ ಅಂತಲೇ. ಆದರೆ ಅದಕ್ಕೂ ಮೊದಲು ನಾನೊಂದು ಪ್ರಶ್ನೆ ಕೇಳುತ್ತೇನೆ. ನೋವು ಎಲ್ಲಿ?

ಬೆರಳ ತುದಿಯಲ್ಲಾದರೆ ತಲೆ ಕೆಡಿಸಿಕೊಳ್ಳಬೇಡಿ. ತಂತಿ ಒತ್ತಿ ಒತ್ತಿ ತುದಿ ಉರಿಯುವುದು ಹೊಸಬರಿಗೆಲ್ಲ ಮಾಮೂಲು. ದಿನಾ ಸ್ವಲ್ಪ ಸ್ವಲ್ಪ ನುಡಿಸಿ, ಕೆಲವು ವಾರಗಳಲ್ಲಿ ಚರ್ಮ ಜಡ್ಡುಗಟ್ಟುತ್ತದೆ.

ಹೆಬ್ಬೆರಳ ಬುಡ, ಮಣಿಕಟ್ಟು, ಮುಂಗೈ ಅಂದರೆ ವಿಷಯ ಬೇರೆ. ನನ್ನದು ಅಲ್ಲೇ ಇತ್ತು.

ಒಂದು ಕಾರ್ಯಕ್ರಮಕ್ಕೆ ಮೂರು ವಾರ ಉಳಿದಿತ್ತು. ನುಡಿಸಬೇಕಾದ ಹಾಡಿನ ತುಂಬ ಬಾರೆ ಕಾರ್ಡ್‌ಗಳು. ಕಾರ್ಡ್ ಅಂದರೆ ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು; ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತುವ ಕಾರ್ಡ್ ಅದು. ದಿನಕ್ಕೆ ಮುಕ್ಕಾಲು ಗಂಟೆ ನುಡಿಸುತ್ತಿದ್ದವನು ಒಂದೇ ಸಲಕ್ಕೆ ನಾಲ್ಕು ಗಂಟೆಗೆ ಹೋದೆ. ಹತ್ತನೇ ದಿನ ಮಣಿಕಟ್ಟು ಚುಳುಕ್ ಅಂದಿತು. ಮಾತ್ರೆ ನುಂಗಿ ಮುಂದುವರಿಸಿದೆ. ಕಾರ್ಯಕ್ರಮವೇನೋ ಚೆನ್ನಾಗಿಯೇ ಆಯಿತು. ಮರುದಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ.

ವೈದ್ಯರು ನನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಸಿ, ಮಣಿಕಟ್ಟನ್ನು ಕಿರುಬೆರಳ ಕಡೆಗೆ ಬಾಗಿಸಿದರು. ಕಿರುಚಿಬಿಟ್ಟೆ. ಡಿ ಕ್ವೆರ್ವೇನ್ ಅಂದರು. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯನ ಹೆಸರದು. ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗೆ ಟೆಂಡನ್ ಅಂತಾರೆ. ಹೆಬ್ಬೆರಳನ್ನು ಎತ್ತುವ ಟೆಂಡನ್‌ಗಳು ಮಣಿಕಟ್ಟಿನ ಹತ್ತಿರ ಒಂದು ಬಿಗಿಯಾದ ಗವಸಿನೊಳಗೆ ಸಾಗುತ್ತವೆ. ಆ ಗವಸು ದಪ್ಪವಾದರೆ ಟೆಂಡನ್ ಸರಾಗವಾಗಿ ಜಾರುವುದಿಲ್ಲ. ಎಳೆಗೂಸನ್ನು ದಿನವಿಡೀ ಎತ್ತಿ ಇಳಿಸುವ ತಾಯಂದಿರಿಗೂ ಇದೇ ತೊಂದರೆ ಬರುತ್ತದೆ.

ಆವತ್ತು ನನಗೆ ಗೊತ್ತಾದ ಒಂದು ವಿಷಯ, ಗಿಟಾರ್ ಕಲಿಯುವ ಮೊದಲ ದಿನವೇ ಯಾರಾದರೂ ಹೇಳಬೇಕಿತ್ತು. ಬೆರಳನ್ನು ಜೋರಾಗಿ ಮಡಚುವ ಸ್ನಾಯುಗಳು ಬೆರಳಲ್ಲಿಲ್ಲ, ಮುಂಗೈಯಲ್ಲಿವೆ. ಬಲಗೈಯಲ್ಲಿ ಎಡ ಮುಂಗೈಯನ್ನು ಹಿಡಿದುಕೊಂಡು ಬೆರಳು ಆಡಿಸಿ ನೋಡಿ, ಒಳಗೆ ಮಿಸುಕಾಡುವುದು ಗೊತ್ತಾಗುತ್ತದೆ. ಅಲ್ಲಿಂದ ಟೆಂಡನ್‌ಗಳು ಹಗ್ಗದ ಹಾಗೆ ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಅಂಗೈ ಬುಡದಲ್ಲಿ ಕಾರ್ಪಲ್ ಟನಲ್ ಅನ್ನುವ ಇಕ್ಕಟ್ಟಾದ ದಾರಿ ಇದೆ. ಒಂಬತ್ತು ಟೆಂಡನ್‌ಗಳೂ ಒಂದು ನರವೂ ಅದರಲ್ಲೇ ಹಾದು ಹೋಗಬೇಕು. ನೀವು ಮಣಿಕಟ್ಟನ್ನು ಬಗ್ಗಿಸಿದಷ್ಟೂ ಅಲ್ಲಿ ಒತ್ತಡ ಜಾಸ್ತಿ. ಬಗ್ಗಿಸಿಕೊಂಡೇ ಗಂಟೆಗಟ್ಟಲೆ ಒತ್ತಿದರೆ ಏನಾಗಬಹುದು, ನೀವೇ ಯೋಚಿಸಿ.

ಆ ನರ ಅದುಮಿದರೆ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ. ರಾತ್ರಿ ಎಚ್ಚರವಾಗುವಷ್ಟು. ಕಿರುಬೆರಳು ಜೋಮು ಹಿಡಿದರೆ ಅದು ಹೆಚ್ಚಾಗಿ ಮೊಣಕೈ ಬಳಿ ಹಾಯುವ ಬೇರೆ ನರದ ತಕರಾರು. ಜೋಮು ಬಿಡದಿದ್ದರೆ, ಕೈಯಿಂದ ಲೋಟ ಜಾರತೊಡಗಿದರೆ, ಮುಂದೆ ಓದಬೇಡಿ, ವೈದ್ಯರ ಹತ್ತಿರ ಹೋಗಿ. ಇನ್ನೊಂದಿದೆ, ಅಪರೂಪದ್ದು. ನೋವೇ ಇರುವುದಿಲ್ಲ, ಆದರೆ ನುಡಿಸಲು ಹೋದರೆ ಒಂದೆರಡು ಬೆರಳು ತಾನಾಗಿ ಮಡಚಿಕೊಳ್ಳುತ್ತದೆ. ಫೋಕಲ್ ಡಿಸ್ಟೋನಿಯಾ ಅಂತಾರೆ. ಅದರ ಮೂಲ ಮಿದುಳಿನಲ್ಲಿ. ಹಟ ಹಿಡಿದು ಅಭ್ಯಾಸ ಹೆಚ್ಚಿಸಿದರೆ ಇನ್ನೂ ಕೆಡುತ್ತದೆ. ಅಮೆರಿಕದ ಗಿಟಾರ್ ವಾದಕ ಬಿಲ್ಲಿ ಮೆಕ್‌ಲಾಫ್ಲಿನ್ ಇದರಿಂದಾಗಿಯೇ ಎಡಗೈ ಬಲಗೈ ಅದಲುಬದಲು ಮಾಡಿಕೊಂಡು ಗಿಟಾರನ್ನು ಮೊದಲಿಂದ ಕಲಿತರು.

ನನಗೆ ಸಿಕ್ಕಿದ್ದು ಹೆಬ್ಬೆರಳನ್ನು ಅಲುಗಾಡಿಸಲು ಬಿಡದ ಒಂದು ಪಟ್ಟಿ ಮತ್ತು ಆರು ವಾರದ ರಜೆ. ಮೂರು ವಾರ ಕಳೆದರೂ ನೋವು ಹಾಗೇ ಇತ್ತು. ಫಿಸಿಯೋಥೆರಪಿಸ್ಟ್ ಬಳಿ ಗೋಳು ಹೇಳಿಕೊಳ್ಳಲು ಹೋದೆ. ಅವರು ನನ್ನ ಮಾತು ಪೂರ್ತಿ ಕೇಳಲೇ ಇಲ್ಲ, ನನ್ನ ಎಡಗೈಯಲ್ಲಿದ್ದ ಫೋನನ್ನೇ ನೋಡುತ್ತಿದ್ದರು. ಗಿಟಾರ್ ಬಿಟ್ಟ ಬೇಸರಕ್ಕೆ ದಿನವಿಡೀ ಅದೇ ಹೆಬ್ಬೆರಳಿನಿಂದ ಪರದೆ ಜಾರಿಸುತ್ತಾ ಕೂತಿದ್ದೆ!

ಫೋನು ಬಲಗೈಗೆ ಹೋಯಿತು. ಉಳಿದ ಹೊತ್ತು ಕಣ್ಣು ಮುಚ್ಚಿ ಮನಸ್ಸಲ್ಲೇ ನುಡಿಸಿದೆ, ಯಾವ ಬೆರಳು ಯಾವ ಫ್ರೆಟ್ (ತಂತಿಗಳ ಕೆಳಗೆ ಅಡ್ಡಡ್ಡ ಕೂರಿಸಿದ ಲೋಹದ ಗೆರೆ) ಅಂತ ಒಂದೊಂದಾಗಿ. ಇದು ಸುಮ್ನೆ ಸಮಾಧಾನದ ಮಾತಲ್ಲ. 1995ರಲ್ಲಿ ನರವಿಜ್ಞಾನಿ ಪಾಸ್ಕುವಲ್-ಲಿಯೋನ್ ಅವರ ತಂಡ ಪಿಯಾನೋ ಪಾಠವೊಂದನ್ನು ಐದು ದಿನ ಬರೀ ಕಲ್ಪನೆಯಲ್ಲಿ ನುಡಿಸಿದವರನ್ನು ಪರೀಕ್ಷಿಸಿತ್ತು. ಕೈಯಾಡಿಸದಿದ್ದರೂ ಬೆರಳನ್ನು ಆಳುವ ಮಿದುಳಿನ ಭಾಗದಲ್ಲಿ ಬದಲಾವಣೆ ಕಂಡಿತ್ತು.

ರಜೆ ಮುಗಿಸಿ ಗಿಟಾರ್ ಎತ್ತಿಕೊಂಡಾಗ ಮೊದಲು ಮಾಡಿದ್ದು ಒಂದು ಸಣ್ಣ ಪರೀಕ್ಷೆ. ನೀವೂ ಇವತ್ತೇ ಮಾಡಿ. ತಂತಿಯ ಮೇಲೆ ಬೆರಳನ್ನು ಸುಮ್ಮನೆ ಇಡಿ, ಒತ್ತಬೇಡಿ. ಮೀಟಿ. 'ದಬ್' ಅನ್ನುತ್ತದೆ. ಮೀಟುತ್ತಲೇ ಕೂದಲೆಳೆಯಷ್ಟು ಕೂದಲೆಳೆಯಷ್ಟು ಒತ್ತುತ್ತಾ ಹೋಗಿ. ಮೊದಲು ಗರಗರ ಅನ್ನುತ್ತದೆ, ಆಮೇಲೆ ಸ್ವರ ಸ್ವಚ್ಛವಾಗಿ ಬರುತ್ತದೆ. ಅಲ್ಲೇ ನಿಲ್ಲಿಸಿ. ಬೇಕಾಗಿರುವುದು ಅಷ್ಟೇ ಬಲ. ನನಗಂತೂ ನಾಚಿಕೆಯಾಯಿತು. ಇಷ್ಟು ವರ್ಷ ತಂತಿಯನ್ನು ಮರದೊಳಗೇ ಇಳಿಸುವ ಹಾಗೆ ಒತ್ತುತ್ತಿದ್ದೆ. ಬೆರಳು ಫ್ರೆಟ್‌ನ ಲೋಹಕ್ಕೆ ಅಂಟಿದಂತೆ, ಅದರ ಹಿಂದೆಯೇ ಇದ್ದರೆ ಇನ್ನೂ ಕಡಿಮೆ ಬಲ ಸಾಕು.

ಬಾರೆ ಕಾರ್ಡ್‌ನಲ್ಲಿ ತಪ್ಪೆಲ್ಲ ಹೆಬ್ಬೆರಳಿನದು. ಇಕ್ಕಳದ ಹಾಗೆ ನೆಕ್ಕನ್ನು, ಅಂದರೆ ಗಿಟಾರಿನ ಉದ್ದ ಕತ್ತನ್ನು, ಹಿಂದಿನಿಂದ ಹಿಸುಕುತ್ತೇವೆ. ಹೆಬ್ಬೆರಳನ್ನು ಪೂರ್ತಿ ತೆಗೆದು, ಬಲಗೈಯಿಂದ ಗಿಟಾರನ್ನು ಎದೆಗೆ ಒತ್ತಿ ಹಿಡಿದು, ಎಡತೋಳಿನ ಭಾರದಿಂದಲೇ ತಂತಿಗಳನ್ನು ಹಿಂದಕ್ಕೆ ಎಳೆದು ನೋಡಿ. ಹೆಬ್ಬೆರಳಿಲ್ಲದೆಯೂ ಕಾರ್ಡ್ ನುಡಿಯುತ್ತದೆ. ಕೂತಾಗಲೂ ಗಿಟಾರಿನ ಹೆಗಲುಪಟ್ಟಿ ಹಾಕಿಕೊಂಡು ನೆಕ್ಕನ್ನು ಸ್ವಲ್ಪ ಮೇಲಕ್ಕೆತ್ತಿದರೆ ಮಣಿಕಟ್ಟು ನೇರವಾಗುತ್ತದೆ.

ಇನ್ನು ಗಿಟಾರನ್ನೇ ಬದಲಿಸಿಕೊಳ್ಳುವ ಮಾತು. ಇದಕ್ಕೆ ಅನೇಕರು ಒಪ್ಪುವುದಿಲ್ಲ, ಏನೋ ಸೋತಂತೆ ಅಂದುಕೊಳ್ಳುತ್ತಾರೆ. ತಂತಿಗಳು ಫ್ರೆಟ್‌ಗಳಿಂದ ಜಾಸ್ತಿ ಎತ್ತರದಲ್ಲಿದ್ದರೆ ಇಳಿಸಿಕೊಡಿ ಅಂತ ರಿಪೇರಿಯವರಿಗೆ ಹೇಳಿ. ದಪ್ಪ ತಂತಿಗಳ ಹನ್ನೆರಡರ ಸೆಟ್ ತೆಗೆದು ತೆಳು ತಂತಿಗಳ ಹತ್ತರ ಸೆಟ್ ಹಾಕಿ. ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ ಮೊದಲ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್) ಹಾಕಿ. ಶ್ರುತಿ ಮೊದಲಿನದೇ, ತಂತಿಯ ಬಿಗಿ ಮಾತ್ರ ಸುಮಾರು ನೂರಕ್ಕೆ 11ರಷ್ಟು ಕಡಿಮೆ. ಕೇಳುವವರಿಗೆ ಗೊತ್ತೂ ಆಗುವುದಿಲ್ಲ.

ಕೈನೋವಿನ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಹೆಸರು ತೆಗೆಯುತ್ತಾರೆ. 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳು ಮುದುಡಿಹೋದವರು. ಇಲ್ಲವೇ ಬ್ಲ್ಯಾಕ್ ಸಬತ್ ಅನ್ನುವ ರಾಕ್ ತಂಡದ ಟೋನಿ ಅಯೋಮಿ. 1965ರಲ್ಲಿ, 17ನೇ ವಯಸ್ಸಿಗೆ, ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಕಳೆದುಕೊಂಡವರು. "ನೋಡಿ, ಅವರಿಗಿದ್ದ ಛಲ!" ಅನ್ನುತ್ತಾರೆ. ಛಲ ಇತ್ತು, ಇಲ್ಲ ಅನ್ನಲ್ಲ. ಆದರೆ ಅವರು ಹಲ್ಲು ಕಚ್ಚಿಕೊಂಡು ಮೊದಲಿನ ಹಾಗೇ ನುಡಿಸಲಿಲ್ಲವಲ್ಲ. ಜ್ಯಾಂಗೋ ಉಳಿದ ಎರಡು ಬೆರಳಿಗೆ ಹೊಂದುವ ಹೊಸ ದಾರಿ ಕಂಡುಕೊಂಡರು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡರು, ತೆಳು ತಂತಿ ಹಾಕಿದರು, ಮುಂದೆ ಶ್ರುತಿಯನ್ನೂ ಇಳಿಸಿದರು. ಬ್ಲ್ಯಾಕ್ ಸಬತ್‌ನ ಆ ಭಾರವಾದ ಸದ್ದಿನಲ್ಲಿ ಈ ಹೊಂದಾಣಿಕೆಗಳ ಪಾಲೂ ಇದೆ. ಅವರೇ ಮಾಡಿಕೊಂಡ ಮೇಲೆ ನಮಗೆ ತೆಳು ತಂತಿ ಹಾಕಲು ಯಾಕೆ ಸಂಕೋಚ?

ಮರಳಿ ಶುರುಮಾಡುವಾಗ ನಾನು ದಿನಕ್ಕೆ ಎರಡು ಸಲ, ಐದೈದು ನಿಮಿಷ ನುಡಿಸಿದೆ. ನುಡಿಸುವಾಗ ಹೇಗಿದೆ ಅಂತ ನೋಡಿದರೆ ಸಾಲದು, ಆಗ ಕೈ ಬೆಚ್ಚಗಿದ್ದು ಮೋಸ ಮಾಡುತ್ತದೆ. ಮರುದಿನ ಬೆಳಿಗ್ಗೆ ಎದ್ದಾಗ ಹೇಗಿದೆ ನೋಡಿ. ಹಿಂದಿನ ದಿನಕ್ಕಿಂತ ನೋವು ಜಾಸ್ತಿಯಿದ್ದರೆ ಒಂದು ಹೆಜ್ಜೆ ಹಿಂದೆ, ಇಲ್ಲದಿದ್ದರೆ ಒಂದೆರಡು ನಿಮಿಷ ಮುಂದೆ. ತಿಂಗಳುಗಟ್ಟಲೆ ಕೈಯನ್ನು ಹೂವಿನ ಹಾಗೆ ಇಟ್ಟುಕೊಳ್ಳುವುದೂ ಬೇಡ, ಸ್ನಾಯು ಸೊರಗಿ ಮೊದಲ ದಿನವೇ ಮತ್ತೆ ನೋವು ಬರುತ್ತದೆ. ನನ್ನ ಬಾರೆ ಕಾರ್ಡ್ ವಾಪಸ್ ಬಂದದ್ದು ನಾಲ್ಕನೇ ತಿಂಗಳಲ್ಲಿ.

"ಈಗ ಪೂರ್ತಿ ವಾಸಿಯಾಯ್ತಾ?" ಅಂತಲೂ ಕೇಳುತ್ತಾರೆ. ಆಗಿದೆ ಅನ್ನಬಹುದು. ಪಕ್ಕದಲ್ಲಿ 25 ನಿಮಿಷಕ್ಕೆ ಟೈಮರ್ ಇಟ್ಟುಕೊಂಡೇ ಕೂರುತ್ತೇನೆ. ಅದು ಯಾವಾಗಲೂ ಹಾಡು ಕೈಗೆ ಹತ್ತುತ್ತಿರುವಾಗಲೇ ಬಡಿದುಕೊಳ್ಳುತ್ತದೆ. ಬೈದುಕೊಂಡು ಗಿಟಾರ್ ಕೆಳಗಿಡುತ್ತೇನೆ.