ನೀರು ಬಂದದ್ದು ಕೆಳಗಿನಿಂದ

ಕಾಲು ಊರಿದರೆ ನೆಲ ಸಿಗುವಷ್ಟು ಕಡಿಮೆ ಆಳದಲ್ಲಿ ಮುಖ ಕೆಳಗಾಗಿ ತೇಲುತ್ತಿದ್ದಾಗ ಒಂದು ಗುಟುಕು ಉಪ್ಪುನೀರು ನೇರವಾಗಿ ಗಂಟಲಿಗೆ ಇಳಿದು, ನಾನು ಕೆಮ್ಮುತ್ತಾ ಎದ್ದು ನಿಂತೆ. ನನ್ನ ಬಾಯಲ್ಲಿದ್ದದ್ದು ಸ್ನಾರ್ಕೆಲ್, ಅಂದರೆ ಮುಖ ನೀರಿನಲ್ಲಿದ್ದಾಗಲೂ ಉಸಿರಾಡಲು ಕಚ್ಚಿಕೊಳ್ಳುವ ಕೊಳವೆ; ಅದರಲ್ಲೂ ನೀರು ಒಳಗೆ ಬರುವುದೇ ಇಲ್ಲವೆಂಬ ಭರವಸೆಯಿಂದ ಕೊಂಡಿದ್ದ ಡ್ರೈ ಸ್ನಾರ್ಕೆಲ್ ಅದು. ಅದರ ಕೊಳವೆಯ ತುದಿಯಲ್ಲಿ ಒಂದು ಪುಟ್ಟ ತೇಲುಬಿರಡೆ ಇರುತ್ತದೆ. ತುದಿ ಮುಳುಗಿದೊಡನೆ ಬಿರಡೆ ಮೇಲೆದ್ದು ದಾರಿ ಮುಚ್ಚುತ್ತದೆ, ಹೊರಬಂದಾಗ ತಾನಾಗಿ ಕೆಳಗಿಳಿದು ಗಾಳಿಗೆ ಎಡೆಗೊಡುತ್ತದೆ. ಆದ್ದರಿಂದ ನನ್ನ ಅನುಮಾನವೆಲ್ಲ ಆ ಬಿರಡೆಯ ಮೇಲೆಯೇ ಇತ್ತು. ಮೂರು ಬಾರಿ ತಲೆಯ ಪಟ್ಟಿಯನ್ನು ಬಿಗಿಮಾಡಿ, ಕೊಳವೆ ಇನ್ನಷ್ಟು ನೆಟ್ಟಗೆ ನಿಲ್ಲುವಂತೆ ಮಾಡಿದೆ. ಆದರೂ ಹತ್ತು ಉಸಿರಿಗೊಮ್ಮೆ ಬಾಯಲ್ಲಿ ಗುಳುಗುಳು ಸದ್ದು ತಪ್ಪಲಿಲ್ಲ.

ಜೊತೆಗಿದ್ದ ಗೆಳೆಯನ ಬಳಿ ಯಾವ ಕವಾಟವೂ ಇಲ್ಲದ, ಬರಿದೇ ಬಾಗಿದ ಹಳೆಯ ಕೊಳವೆಯಿತ್ತು. ಅವನು ನನ್ನ ಸ್ನಾರ್ಕೆಲನ್ನು ತೆಗೆದುಕೊಂಡು, ಮೇಲಿನ ತುದಿಯನ್ನು ಅಂಗೈಯಿಂದ ಮುಚ್ಚಿ, ಮೌತ್‌ಪೀಸ್ ಕಚ್ಚಿ ಗಾಳಿ ಸೇದಿದ. ಎಲ್ಲವೂ ಸರಿಯಾಗಿದ್ದರೆ ಗಾಳಿ ಬರಬಾರದು, ತುಟಿ ಒಳಕ್ಕೆ ಎಳೆದುಕೊಳ್ಳಬೇಕು. ಅವನಿಗೆ ಸಣ್ಣಗೆ ಗಾಳಿ ಬರುತ್ತಲೇ ಇತ್ತು. "ಮೇಲಲ್ಲ ಮಾರಾಯ, ಕೆಳಗೆ ನೋಡು" ಎಂದ. ಬಾಯಿಯ ಕೆಳಭಾಗದಲ್ಲಿರುವ ಪರ್ಜ್ ವಾಲ್ವ್, ಅಂದರೆ ಒಳಗೆ ಸೇರಿದ ನೀರನ್ನು ಊದಿ ಹೊರಹಾಕಲು ಇರುವ ಏಕಮುಖ ಕವಾಟ, ಒಂದು ತೆಳುವಾದ ಸಿಲಿಕೋನ್ ಬಿಲ್ಲೆಯಷ್ಟೇ. ಅದರ ಅಂಚಿನಡಿ ಒಂದೇ ಒಂದು ಮರಳಿನ ಕಣ ಸಿಕ್ಕಿಕೊಂಡಿತ್ತು. ಈ ಕವಾಟ ಸದಾ ನೀರಿನೊಳಗೇ ಇರುವುದರಿಂದ, ನಾವು ಉಸಿರೆಳೆದಾಗಲೆಲ್ಲ ಕೊಳವೆಯೊಳಗಿನ ಒತ್ತಡ ತುಸು ಇಳಿದು, ಆ ಕೂದಲೆಳೆಯಷ್ಟು ಬಿರುಕಿನಿಂದ ನೀರು ಒಳಕ್ಕೆ ಜಾರುತ್ತದೆ. ಬಿಲ್ಲೆಯನ್ನು ತೊಳೆದು ಹಾಕಿದ ಮೇಲೆ ಗುಳುಗುಳು ಬಹುಮಟ್ಟಿಗೆ ನಿಂತಿತು.

ಬಹುಮಟ್ಟಿಗೆ ಎಂದೆ, ಪೂರ್ತಿಯಾಗಿ ಅಲ್ಲ. ಉಳಿದ ನೀರು ನನ್ನ ತುಟಿಯ ಅಂಚುಗಳಿಂದಲೇ ಬರುತ್ತಿತ್ತು. ಮೌತ್‌ಪೀಸ್ ನನ್ನ ಬಾಯಿಗೆ ದೊಡ್ಡದಾಗಿತ್ತು. ಅದನ್ನು ಹಿಡಿದಿಡಲು ಹಲ್ಲು ಬಿಗಿಹಿಡಿದು ದವಡೆ ನೋಯತೊಡಗಿದಂತೆ ತುಟಿ ಸಡಿಲವಾಗುತ್ತಿತ್ತು. ಚಂದದ ಮೀನು ಕಂಡು ನಕ್ಕರಂತೂ ಒಂದು ಚಮಚ ನೀರು ಖಚಿತ.

ಅಷ್ಟಾದರೂ ಬಿರಡೆಯ ಮೇಲಿನ ನನ್ನ ಗೌರವ ಕುಂದಿದ್ದು ಮಧ್ಯಾಹ್ನ, ತೆರೆಗಳು ಏಳತೊಡಗಿದಾಗ. ಉಸಿರನ್ನು ಅರ್ಧ ಎಳೆದಿರುವಾಗ ತೆರೆಯೊಂದು ತುದಿಯನ್ನು ದಾಟಿದರೆ ಬಿರಡೆ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತದೆ: ನೀರಿನೊಂದಿಗೆ ಗಾಳಿಯನ್ನೂ ನಿಲ್ಲಿಸುತ್ತದೆ. ಮೂಗು ಮಾಸ್ಕಿನೊಳಗೆ, ಬಾಯಿ ಮುಚ್ಚಿದ ಕೊಳವೆಯಲ್ಲಿ. ಆ ಒಂದು ಕ್ಷಣ ಎದೆ ಬಡಿದುಕೊಂಡದ್ದನ್ನು ನಾನು ಮರೆತಿಲ್ಲ. ಕೆಳಗೆ ಮುಳುಗಲು ಹೋದಾಗ, ಕೊಳವೆಯಲ್ಲಿ ಉಳಿದ ಗಾಳಿ ಅದನ್ನು ಮೇಲಕ್ಕೆಳೆದು ಮಾಸ್ಕಿನ ಪಕ್ಕವನ್ನು ಅಲುಗಿಸುತ್ತಿತ್ತು. ಉಪ್ಪು ಕಟ್ಟಿದರೆ ಬಿರಡೆ ಅಂಟಿಕೊಳ್ಳುವುದೂ ಉಂಟು. ತುದಿಯನ್ನು ಇನ್ನೂ ಎತ್ತರಕ್ಕೆ ಒಯ್ದರೆ ತೆರೆಯ ಕಾಟವೇ ಇರದಲ್ಲ ಎಂದು ನನಗೂ ಒಮ್ಮೆ ಅನ್ನಿಸಿತ್ತು. ಆದರೆ ಕೊಳವೆ ಉದ್ದವಾದಷ್ಟೂ ನಾವು ಬಿಟ್ಟ ಹಳಸಲು ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ದೊಡ್ಡವರ ಸ್ನಾರ್ಕೆಲ್‌ಗಳು ಒಂದಡಿಯಿಂದ ತುಸು ಹೆಚ್ಚಿಗೆ ನಿಲ್ಲುವುದಕ್ಕೆ ಇದೊಂದು ಮುಖ್ಯ ಕಾರಣ.

ಮುಂದಿನ ಬಾರಿ ಕೊಳ್ಳುವಾಗ ನಾನು ಮೊದಲು ನೋಡಿದ್ದು ಕೆಳಗಿನ ಕವಾಟವನ್ನು. ಬಿಲ್ಲೆ ಅಗಲವಾಗಿರಬೇಕು, ಮುಚ್ಚಳ ತೆಗೆದು ತೊಳೆಯಲು ಬರಬೇಕು. ಅಂಗಡಿಯಾತ ಬಿರಡೆಯ ಗುಣಗಾನ ಮಾಡುತ್ತಿರುವಾಗಲೇ, ಮೌತ್‌ಪೀಸನ್ನು ಚೆನ್ನಾಗಿ ಒರೆಸಿ, ತುದಿಗೆ ಅಂಗೈಯೊತ್ತಿ ಗಾಳಿ ಸೇದಿ ನೋಡಿದೆ. ಅವನಿಗೆ ಅದು ವಿಚಿತ್ರವಾಗಿ ಕಂಡಿರಬೇಕು. ಮೌತ್‌ಪೀಸ್ ಮೃದುವಾದ ಸಿಲಿಕೋನಿನದಾಗಿದ್ದು, ಹಲ್ಲು ಬಿಗಿಯದೆಯೂ ಬಾಯಲ್ಲಿ ನಿಲ್ಲುತ್ತಿತ್ತು. ಬಾಗುವ ಭಾಗದ ಒಳಮೈ ನುಣುಪಾಗಿತ್ತು; ಒಳಗೂ ಏಣುಗಳಿದ್ದರೆ ಅವುಗಳ ನಡುವೆ ನೀರು ನಿಂತು ಎಷ್ಟು ಊದಿದರೂ ಹೋಗುವುದಿಲ್ಲ. ಮೇಲಿನ ತುದಿಯಲ್ಲಿ ಬಿರಡೆಯಿರಲಿಲ್ಲ. ಸಿಡಿಯುವ ಹನಿಗಳನ್ನು ತಡೆದು ಗಾಳಿಗೆ ಸದಾ ದಾರಿ ತೆರೆದಿಡುವ ಸೀಳುಗಳ ಟೊಪ್ಪಿಗೆ ಮಾತ್ರ ಇತ್ತು. ಸೆಮಿ-ಡ್ರೈ ಎಂದು ಕರೆಯುವುದು ಇದನ್ನೇ.

ಅದರೊಂದಿಗೆ ಮೊದಲ ಸಲ ಇಳಿದ ದಿನ ಒಂದು ತೆರೆ ಬಂದು ಕೊಳವೆಯ ಅರ್ಧ ತುಂಬಿತು. ನಾಲಿಗೆಯನ್ನು ಅಂಗುಳಿಗೆ ಎತ್ತಿ, ಎದೆಯಲ್ಲಿ ಉಳಿಸಿಕೊಂಡಿದ್ದ ಗಾಳಿಯನ್ನೆಲ್ಲ ಒಂದೇ ಬಾರಿಗೆ "ಟೂ" ಎಂದು ಊದಿದೆ. ನೀರಿನ ಒಂದು ಪಾಲು ಮೇಲೆ ಚಿಮ್ಮಿತು, ಇನ್ನೊಂದು ಪಾಲು ಗಲ್ಲದ ಕೆಳಗಿನ ಕವಾಟದಿಂದ ಗುಳ್ಳೆಗಳಾಗಿ ಹೊರಟಿತು. ಮುಂದಿನ ಉಸಿರನ್ನು ಮೆಲ್ಲಗೆ ಎಳೆದು ನೋಡಿದೆ. ಬರಿ ಗಾಳಿ ಬಂತು.