ಮೊದಲ ಸೀಟು, ಕೊನೆಯ ಸೀಟು

ಪಾರ್ಕಿನ ಗೇಟು ತೆರೆದ ಕೂಡಲೇ ಜನ ಓಡುವುದು ಎಲ್ಲಕ್ಕಿಂತ ಎತ್ತರದ ರೋಲರ್ ಕೋಸ್ಟರ್ ಕಡೆಗೆ. ಅಕ್ಕನ ಮಗಳೂ ಅತ್ತಲೇ ಕೈ ಎಳೆದಳು. ನಾನು ಅವಳನ್ನು ಪಕ್ಕದಲ್ಲಿದ್ದ ಚಿಕ್ಕದರ ಹತ್ತಿರ ಕರೆದುಕೊಂಡು ಹೋದೆ. ಎತ್ತರ ಬರೀ 30 ಮೀಟರ್. ಒಂದು ಲೂಪ್, ಒಂದೆರಡು ದಿಬ್ಬ, ಕೊನೆಗೊಂದು ಸುರುಳಿ. ದೊಡ್ಡದು ಇದರ ಎರಡರಷ್ಟಿತ್ತು. "ಇದರಲ್ಲಿ ಏನಿದೆ ಮಾಮ?" ಎಂದು ಮುಖ ಸಣ್ಣ ಮಾಡಿಕೊಂಡಳು.

ಈ ಹುಚ್ಚು ಹತ್ತಿ ವರ್ಷಗಳೇ ಆಗಿವೆ. ಎತ್ತರ ನೋಡಿ ಕೋಸ್ಟರ್ ಆರಿಸುವುದನ್ನು ನಾನು ಯಾವಾಗಲೋ ಬಿಟ್ಟಿದ್ದೇನೆ. ನೇರ ರಸ್ತೆಯಲ್ಲಿ ಕಾರು ನೂರರ ವೇಗದಲ್ಲಿ ಹೋಗುತ್ತಿದ್ದರೂ ನಿದ್ದೆ ಬರುತ್ತದೆ ಅಲ್ವಾ? ಅದೇ ರಸ್ತೆ ಥಟ್ಟನೆ ಬಾಗಿದರೆ ಮೈ ಎಚ್ಚರವಾಗುತ್ತದೆ. ಕೋಸ್ಟರಿನ ಖಾರ ಇರುವುದು ಆ ಬಾಗಿನಲ್ಲಿ. ಇನ್ನು ಲೆಕ್ಕ ನೋಡಿದರೆ, 30 ಮೀಟರ್ ಇಳಿದಾಗ ಸಿಗುವ ವೇಗ ಹೆಚ್ಚೆಂದರೆ ಗಂಟೆಗೆ 87 ಕಿ.ಮೀ. 60 ಮೀಟರ್ ಇಳಿದರೆ 123 ಕಿ.ಮೀ. ಎತ್ತರ ದುಪ್ಪಟ್ಟಾದರೂ ವೇಗ ದುಪ್ಪಟ್ಟಾಗುವುದಿಲ್ಲ.

ಹತ್ತುವ ಮೊದಲು ಕೆಳಗೆ ನಿಂತು ಹಳಿ ನೋಡುವುದು ನನಗೆ ಅಭ್ಯಾಸ. ಕಂಬಗಳು ಎಲ್ಲಿ ಒತ್ತೊತ್ತಾಗಿವೆಯೋ ಅಲ್ಲಿ ಹಳಿಯ ಮೇಲೆ ಭಾರ ಜಾಸ್ತಿ ಬೀಳುತ್ತದೆ. ಅಂದರೆ ನಮ್ಮ ಮೇಲೂ ಬೀಳುತ್ತದೆ. ಅವಳಿಗೆ ಚಕ್ರಗಳನ್ನೂ ತೋರಿಸಿದೆ. ಹಳಿಯ ಮೇಲೆ ಒಂದು ಜೊತೆ, ಪಕ್ಕಕ್ಕೆ ಒಂದು ಜೊತೆ, ಹಳಿಯ ಕೆಳಗೆ ಇನ್ನೊಂದು ಜೊತೆ. ಈ ಕೆಳಗಿನ ಚಕ್ರ ನೋಡಲು ಚಿಕ್ಕದು, ಕೆಲಸ ದೊಡ್ಡದು. ದಿಬ್ಬದ ಮೇಲೆ ಟ್ರೇನು ಹಳಿ ಬಿಟ್ಟು ಮೇಲೇಳದಂತೆ ಹಿಡಿಯುವುದು ಅದೇ. ಕೋಸ್ಟರ್ ಕಟ್ಟುತ್ತಿದ್ದ ಅಮೆರಿಕದ ಜಾನ್ ಮಿಲ್ಲರ್ ಇದಕ್ಕೆ 1919ರಲ್ಲಿ ಪೇಟೆಂಟ್ ಪಡೆದ. ಕಡಿದಾದ ಇಳಿಜಾರು, ಚೂಪು ದಿಬ್ಬ ಮಾಡುವ ಧೈರ್ಯ ಬಂದಿದ್ದು ಆಮೇಲೆ.

ಮೊದಲ ಸುತ್ತಿಗೆ ಮುಂದಿನ ಸೀಟು ಸಿಕ್ಕಿತು. ತೊಡೆಯ ಮೇಲೆ ಒಂದು ಬಾರ್, ಅಷ್ಟೇ. ಟ್ರೇನು ಟಕ್ ಟಕ್ ಎನ್ನುತ್ತಾ ಮೇಲೇರಿತು. ಆ ಸದ್ದು ಟ್ರೇನನ್ನು ಮೇಲೆಳೆಯುವ ಚೈನಿನದ್ದಲ್ಲ. ಟ್ರೇನಿನ ತಳದಲ್ಲಿರುವ ಕಬ್ಬಿಣದ ಕೊಕ್ಕೆ ಹಳಿಯ ನಡುವಿನ ಹಲ್ಲುಗಳನ್ನು ಒಂದೊಂದಾಗಿ ದಾಟುವ ಸದ್ದು. ಚೈನ್ ಕಡಿದರೂ ಟ್ರೇನು ಹಿಂದಕ್ಕೆ ಜಾರದಿರಲಿ ಅಂತ. ತುದಿ ದಾಟಿದ ಮೇಲೂ ನಾವು ಒಂದು ಕ್ಷಣ ಹಾಗೇ ನೇತಾಡಿದೆವು. ಹಿಂದಿನ ಡಬ್ಬಿಗಳು ಇನ್ನೂ ಆಚೆ ಬದಿಯಲ್ಲೇ ಇದ್ದವಲ್ಲ. ಕೆಳಗೆ ಬರೀ ಗಾಳಿ. ಇಳಿದಾಗ ಅವಳು ಕಿರುಚಿದಳು, ಆದರೆ ಕೆಳಗೆ ಬಂದು ತಲೆಗೂದಲು ಸರಿ ಮಾಡಿಕೊಳ್ಳುತ್ತಾ, "ಚೆನ್ನಾಗಿತ್ತು, ಈಗ ದೊಡ್ಡದಕ್ಕೆ ಹೋಗೋಣ" ಎಂದಳು.

"ಇನ್ನೊಂದು ಸಲ ಇದೇ. ಕೊನೆಯ ಸೀಟು" ಎಂದೆ.

ಅದೇ ಹಳಿ, ಅದೇ ಟ್ರೇನು. ಆದರೆ ಈ ಸಲ ನಾವು ತುದಿ ಮುಟ್ಟುವ ಹೊತ್ತಿಗೆ ಮುಂದಿನ ಡಬ್ಬಿಗಳೆಲ್ಲ ಕೆಳಕ್ಕೆ ನುಗ್ಗಿ ಆಗಿತ್ತು. ಅವುಗಳ ಭಾರ ನಮ್ಮನ್ನು ಎಳೆದುಕೊಂಡು ಹೋಯಿತು. ತುದಿಯಲ್ಲಿ ನಿಲ್ಲುವ ಮಾತೇ ಇಲ್ಲ. ಸೀಟು ಕೆಳಗೆ ಹೋಯಿತು, ನಾವು ಮೇಲೆ ಉಳಿದೆವು. ತೊಡೆ ಬಾರಿಗೆ ಒತ್ತಿಕೊಂಡಿತು. ಅವಳಿಗೆ ಕಿರುಚಲಿಕ್ಕೂ ಆಗಲಿಲ್ಲ, ಉಸಿರೇ ಸಿಕ್ಕಿಕೊಂಡಿತು.

ಇದೇ ಏರ್‌ಟೈಮ್. ಕೋಸ್ಟರ್ ಹುಚ್ಚಿನವರು ಊರೂರು ಅಲೆಯುವುದು ಇದಕ್ಕಾಗಿ. ಯಾವ ಗಳಿಗೆಯಲ್ಲಿ ನೋಡಿದರೂ ಟ್ರೇನಿನ ಎಲ್ಲ ಡಬ್ಬಿಗಳ ವೇಗ ಒಂದೇ. ಆದರೆ ಆ ವೇಗ ಬಂದಾಗ ಯಾರು ಹಳಿಯ ಯಾವ ಜಾಗದಲ್ಲಿದ್ದಾರೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ನಡುವಿನ ದಿಬ್ಬಗಳಲ್ಲಿ ಮುಂದಿನವರನ್ನು ಏರುವಾಗಲೇ ಮೇಲಕ್ಕೆ ಎಸೆಯುತ್ತದೆ, ಹಿಂದಿನವರನ್ನು ಇಳಿಯುವಾಗ. ದಿಬ್ಬದ ಆಕಾರವೂ ಸುಮ್ನೆ ಬಂದದ್ದಲ್ಲ. ಎಸೆದ ಕಲ್ಲು ಹೋಗುವ ದಾರಿಯಂತೆಯೇ ಹಳಿ ಬಾಗಿದರೆ ಮೈ ಹಗುರಾಗಿ ತೇಲುತ್ತದೆ. ಅದಕ್ಕಿಂತ ಚೂಪಾಗಿ ಬಾಗಿದರೆ ಸೀಟಿನಿಂದ ಕಿತ್ತು ಎಸೆದಂತಾಗುತ್ತದೆ. ನನಗೆ ಎರಡನೆಯದೇ ಇಷ್ಟ. ಒಹಾಯೊದ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ 2018ರಲ್ಲಿ ಶುರುವಾದ ಸ್ಟೀಲ್ ವೆಂಜೆನ್ಸ್ ಒಂದೇ ಸುತ್ತಿನಲ್ಲಿ 27 ಸೆಕೆಂಡಿಗೂ ಜಾಸ್ತಿ ಏರ್‌ಟೈಮ್ ಕೊಡುತ್ತದೆ ಎಂದು ಪಾರ್ಕಿನವರು ಹೇಳುತ್ತಾರೆ. ನ್ಯೂಜೆರ್ಸಿಯಲ್ಲಿ 2005ರಿಂದ ಇದ್ದ ಕಿಂಗ್ಡಾ ಕಾ 139 ಮೀಟರ್ ಎತ್ತರ, 206 ಕಿ.ಮೀ. ವೇಗ. ಆದರೆ ಅದರ ಸವಾರಿ ಅರ್ಧ ನಿಮಿಷದಲ್ಲಿ ಮುಗಿಯುತ್ತಿತ್ತು. 2025ರಲ್ಲಿ ಅದನ್ನು ಕೆಡವಿಯೂ ಆಯಿತು. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಕಣ್ಣುಮುಚ್ಚಿ ಮೊದಲನೆಯದನ್ನು ಆರಿಸುತ್ತೇನೆ.

ಲೂಪಿನ ಬಗ್ಗೆ ಅವಳು ಒಂದು ಸರಿಯಾದ ಮಾತು ಹೇಳಿದಳು. "ತಲೆಕೆಳಗಾದಾಗ ಬಿದ್ದುಹೋಗ್ತೀನಿ ಅಂದ್ಕೊಂಡೆ. ಸೀಟಿಗೇ ಅಂಟ್ಕೊಂಡಿದ್ದೆ!" ತಲೆಕೆಳಗಾದರೂ ಸೀಟಿಗೆ ಒತ್ತುವಷ್ಟು ವೇಗ ಉಳಿಸಿರುತ್ತಾರೆ. ಆದರೆ ಅದಕ್ಕೆ ಲೂಪು ಪೂರ್ತಿ ದುಂಡಗಿರಬಾರದು. ದುಂಡಗಿನ ಲೂಪಿನ ತುದಿಯನ್ನು ಬೀಳದೆ ದಾಟುವಷ್ಟು ವೇಗ ಬೇಕೆಂದರೆ, ತಳದಲ್ಲಿ ನಮ್ಮ ತೂಕದ ಆರರಷ್ಟು ಭಾರ ಮೈಮೇಲೆ ಬೀಳುತ್ತದೆ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ಅಂಥದ್ದನ್ನು ಮಾಡಿ ನೋಡಿದರು, ಜನರ ಕುತ್ತಿಗೆ ನೋವಿಗೇ ಅದು ಹೆಸರಾಯಿತು. ಸರಿಯಾದ ದಾರಿ ಸಿಕ್ಕಿದ್ದು ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗೆಲ್ ಮತ್ತು ಕೋಸ್ಟರ್ ಕಟ್ಟುತ್ತಿದ್ದ ಆಂಟನ್ ಶ್ವಾರ್ಟ್ಸ್‌ಕಾಫ್ ಜೊತೆಯಾದಾಗ. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿಗೆ ಅವರು ಮಾಡಿದ ಲೂಪು ನೀರಿನ ಹನಿಯ ಆಕಾರದ್ದು. ವೇಗ ಜಾಸ್ತಿ ಇರುವ ಕೆಳಗೆ ಅಗಲ ಬಾಗು, ವೇಗ ತಗ್ಗುವ ಮೇಲೆ ಬಿಗಿ ಬಾಗು. ಈಗಿನ ಲೂಪುಗಳೆಲ್ಲ ಅದರ ಮಕ್ಕಳೇ.

ಅವತ್ತು ಅವಳನ್ನು ನಿಜವಾಗಿ ಸುಸ್ತು ಮಾಡಿದ್ದು ಲೂಪಲ್ಲ, ಕೊನೆಯ ಸುರುಳಿ. ಅಲ್ಲಿ ತಲೆಕೆಳಗಾಗುವುದೂ ಇಲ್ಲ, ಬೀಳುವುದೂ ಇಲ್ಲ. ಹೊರಗಿನಿಂದ ನೋಡುವವರಿಗೆ ಸಪ್ಪೆ. ಒಳಗೆ ಕೂತವರಿಗೆ ಮೈಭಾರ ಹಲವು ಪಟ್ಟಾಗಿ, ಬಾರಿನಿಂದ ಕೈ ಎತ್ತಲೂ ಆಗದು. ಇಂಥ ಭಾರ ಅರೆಕ್ಷಣ ಬಂದು ಹೋದರೆ ಮೈ ತಡೆದುಕೊಳ್ಳುತ್ತದೆ. ಸೆಕೆಂಡುಗಟ್ಟಲೆ ನಿಂತರೆ ರಕ್ತ ಕಾಲಿಗಿಳಿದು ಕಣ್ಣಿನ ಅಂಚು ಮಬ್ಬಾಗತೊಡಗುತ್ತದೆ. ಹಾಗಾಗಿ ಡಿಸೈನ್ ಮಾಡುವವರು ಭಾರ ಎಷ್ಟು ಅನ್ನುವುದರ ಜೊತೆಗೆ ಎಷ್ಟು ಹೊತ್ತು ಅನ್ನುವುದನ್ನೂ ಲೆಕ್ಕ ಹಾಕುತ್ತಾರೆ. ಭಾರ ಎಷ್ಟು ಬೇಗ ಬಂದೆರಗುತ್ತದೆ ಅನ್ನುವುದೂ ಮುಖ್ಯ. ಮೆಲ್ಲಗೆ ಏರಿದ ಭಾರ ಖುಷಿ ಕೊಡುತ್ತದೆ. ಒಮ್ಮೆಗೇ ಬಡಿದರೆ ಕುತ್ತಿಗೆ ಉಳುಕುತ್ತದೆ, ಅದನ್ನು ಥ್ರಿಲ್ ಅನ್ನಲಾರೆ.

ಮಧ್ಯಾಹ್ನ ದೊಡ್ಡದಕ್ಕೂ ಹೋದೆವು. ಅಗಲವಾದ ಇಳಿಜಾರು, ನಯವಾದ ಹಳಿ, ಚೆಂದದ ನೋಟ. ನನಗೆ ಸ್ವಲ್ಪ ಸಪ್ಪೆ ಎನಿಸಿತು. ಅವಳು ಮಾತ್ರ, "ಇದೇ ಹೆಚ್ಚು ಭಯ" ಎಂದು ಪಟ್ಟು ಹಿಡಿದಳು. ಯಾಕೆ ಎಂದು ಕೇಳಿದೆ. "ಹತ್ತುವಾಗ ಮಾಮ. ಎಷ್ಟು ಹೊತ್ತಾದ್ರೂ ಮುಗಿಯೋದೇ ಇಲ್ಲ. ಇಳಿಯೋಕೆ ಶುರುವಾದ ಮೇಲೆ ಭಯ ಹೋಯ್ತು." ಅದು ಮೈಮೇಲೆ ಬೀಳುವ ಭಾರದ ಯಾವ ಲೆಕ್ಕದಲ್ಲೂ ಬರುವುದಿಲ್ಲ, ಆದರೆ ಸುಳ್ಳಲ್ಲ. ಚೈನ್ ನಿಧಾನವಾಗಿ ಎಳೆಯುವಾಗ ಮನಸ್ಸು ಮುಂಚೆಯೇ ನೂರು ಸಲ ಬಿದ್ದಿರುತ್ತದೆ.

ಸಂಜೆ ಸಾಲು ಕರಗಿದಾಗ ಚಿಕ್ಕದಕ್ಕೇ ಮರಳಿದೆವು, ಕೊನೆಯ ಸೀಟಿಗೇ. ಬೆಳಿಗ್ಗೆಗಿಂತ ಟ್ರೇನು ಬಿರುಸಾಗಿತ್ತು. ದಿನವಿಡೀ ಓಡಿ ಬೇರಿಂಗಿನ ಗ್ರೀಸು ಕಾದು ತೆಳುವಾದರೆ ಚಕ್ರ ಸಲೀಸಾಗಿ ಉರುಳುತ್ತದೆ. ಎರಡನೇ ದಿಬ್ಬದಲ್ಲಿ ಬೆಳಿಗ್ಗೆ ಬರೀ ತೇಲಿದ್ದವರನ್ನು ಈಗ ಎತ್ತಿ ಎಸೆಯಿತು. "ಹಳಿ ಏನಾದ್ರೂ ಬದಲಾಯಿಸಿದ್ರಾ ಮಾಮ?" ಎಂದು ಕೇಳಿದಳು. ನಾನು ಗ್ರೀಸಿನ ವಿಷಯ ಹೇಳುತ್ತಿದ್ದಂತೆ ಅವಳು ಮತ್ತೆ ಸಾಲಿನ ಕಡೆಗೆ ಹೊರಟಿದ್ದಳು.