ನೂಲಿನ ಗುಂಟ

ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯೋ ಅಕ್ಕನ ಹತ್ತಿರ ಒಂದು ಗೋಣಿಚೀಲದ ತುಂಬ ಬಟ್ಟೆ ಚೂರು ಇತ್ತು. "ಒಯ್ರಿ, ನನಗೂ ಜಾಗ ಆಗ್ತದೆ" ಎಂದು ಕೊಟ್ಟೇಬಿಟ್ಟರು. ಟೂ ಬೈ ಟೂ, ಲೈನಿಂಗ್, ಜಾರ್ಜೆಟ್, ಒಂದಿಷ್ಟು ಸ್ಯಾಟಿನ್. ದಸರಾ ರಜೆ ಬೇರೆ. ನಾಲ್ಕರಿಂದ ಆರು ವರ್ಷದ ಏಳು ಮಕ್ಕಳು ಬೆಳಗಾದರೆ ನಮ್ಮ ಪಡಸಾಲೆಗೆ ಹಾಜರು. ಚೂರು ಅಂಟಿಸಿ ಚಿತ್ರ ಮಾಡಿಸಿದರೆ ಒಂದು ಮಧ್ಯಾಹ್ನ ಸುಮ್ನೆ ಕಳೆಯುತ್ತದೆ ಎಂದುಕೊಂಡೆ.

ನನ್ನ ತಯಾರಿ ಜೋರಾಗಿತ್ತು. ಹಳೇ ಡಬ್ಬಗಳ ರಟ್ಟು ಕತ್ತರಿಸಿ, ಏಳರ ಮೇಲೂ ಪೆನ್ಸಿಲ್‌ನಲ್ಲಿ ನಮ್ಮ ದಾವಣಗೆರೆಯ ಕುಂದವಾಡ ಕೆರೆಯ ಚಿತ್ರ ಬರೆದಿಟ್ಟಿದ್ದೆ. ನೀಲಿ ಬಟ್ಟೆ ನೀರಿಗೆ, ಹಸಿರು ದಂಡೆಗೆ, ಬಿಳಿ ಹಕ್ಕಿಗೆ. ಮೈದಾ ಕುದಿಸಿ ಗಂಜಿಯನ್ನೂ ಮಾಡಿದ್ದೆ. ಗೋಡೆಗೆ ಪೋಸ್ಟರ್ ಹಚ್ಚುವವರು ಇದಕ್ಕೇ ಮೈಲುತುತ್ತ ಬೆರೆಸುತ್ತಾರೆ, ಹುಳ ಬರದಿರಲಿ ಅಂತ. ಅದು ವಿಷ. ಬೆರಳು ನೆಕ್ಕುವ ಮಕ್ಕಳ ಮುಂದೆ ಇಡೋ ವಸ್ತುವಲ್ಲ. ಹಾಗಾಗಿ ಬರೀ ಮೈದಾ, ನೀರು.

ಮೊದಲ ಹತ್ತು ನಿಮಿಷದಲ್ಲೇ ಎಲ್ಲ ಕೆಟ್ಟಿತು. ಶಾಲೆಯ ಮೊಂಡು ಕತ್ತರಿ ಕಾಗದ ಕತ್ತರಿಸುತ್ತದೆ. ಬಟ್ಟೆ ಸಿಕ್ಕರೆ ಅದನ್ನು ಮಡಚಿ ಬಾಯೊಳಗೆ ಇಟ್ಟುಕೊಂಡು ಕೂರುತ್ತದೆ. ದೊಡ್ಡ ಕತ್ತರಿ ಕೊಡೋ ಹಾಗಿಲ್ಲ. ಕೊನೆಗೆ ನಾನೇ ಕತ್ತರಿಸಲು ಕೂತೆ. ಮುಂದೆ ರೇಷನ್ ಅಂಗಡಿಯ ಸಾಲು. "ಆಂಟಿ, ನನಗೆ ಮೀನು", "ನನಗೆ ಕೆಂಪು ಮೀನು", "ಅವನಿಗಿಂತ ದೊಡ್ಡ ಮೀನು". ಜಾರ್ಜೆಟ್ ಎಲ್ಲೂ ನಿಲ್ಲದೆ ಜಾರಿತು. ತೆಳು ಲೈನಿಂಗ್ ಗಂಜಿ ಕುಡಿದು ಬೆರಳಿಗೇ ಮೆತ್ತಿಕೊಂಡಿತು. ಇಬ್ಬರು ಅತ್ತರು. ಒಬ್ಬ ಎದ್ದು ಮನೆಗೇ ಹೋದ.

ಮಾವ ಆರಾಮ ಕುರ್ಚಿಯಲ್ಲಿ ಪೇಪರ್ ಹಿಡಿದು ಇದನ್ನೆಲ್ಲ ನೋಡುತ್ತಿದ್ದರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದಲ್ಲಿ ಅವರು ಬಟ್ಟೆ ಮಿಲ್ಲಿನ ಮಗ್ಗದ ಖಾತೆಯಲ್ಲಿದ್ದವರು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಈಗ ಊರ ಹೆಸರು ಹೇಳಿದರೆ ಜನ ಬೆಣ್ಣೆ ದೋಸೆ ಅನ್ನುತ್ತಾರೆ. ನಾನು ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಮಾವ ಮಿಲ್ಲಿನ ಸುದ್ದಿ ಆಡಿದ್ದು ಕಡಿಮೆ. ನಾವು ಎತ್ತಿದರೂ "ಆತು ಬಿಡ್ರಿ" ಎಂದು ಮಾತು ಬದಲಿಸುತ್ತಾರೆ.

ಆವತ್ತು ಅವರೇ ಎದ್ದು ಬಂದು ನೆಲದ ಮೇಲೆ ಕೂತರು. ಅಳುತ್ತಿದ್ದ ಹುಡುಗನ ಕೈಯಿಂದ ಟೂ ಬೈ ಟೂ ತುಂಡು ತೆಗೆದುಕೊಂಡು, ಅಂಚಿಗೆ ಕತ್ತರಿಯಿಂದ ಸಣ್ಣ ಗಾಯ ಮಾಡಿ, ಎರಡೂ ಕಡೆ ಹಿಡಿದು ಎಳೆದರು. ಪರ್‌ರ್‌ರ್! ಗೆರೆ ಕೊರೆದ ಹಾಗೆ ನೆಟ್ಟಗೆ ಹರಿಯಿತು. ಮಕ್ಕಳ ಅಳು ನಿಂತಿತು.

"ನಂಗೂ ಅಜ್ಜಾ!"

"ಏ ತಮ್ಮಾ, ಹಂಗ ಮೂಲಿಗೆ ಎಳಿಬ್ಯಾಡ. ನೂಲು ಹೋದ ದಾರಿ ಹಿಡಿ" ಎಂದರು. ಲೈನಿಂಗ್ ತುಂಡನ್ನು ಬೆಳಕಿಗೆ ಹಿಡಿದು ತೋರಿಸಿದರು. ಉದ್ದದ ನೂಲು ಹಾಸು. ಅಡ್ಡದ್ದು ಹೊಕ್ಕು. ಲಾಳಿ ಹೊಕ್ಕಿನ ನೂಲನ್ನು ಎಳೆದುಕೊಂಡು ಆ ಕಡೆ ಈ ಕಡೆ ಓಡ್ತದೆ, ಅಂಚಿಗೆ ಬಂದು ತಿರುಗ್ತದೆ, ಅದಕ್ಕೇ ಅಂಚು ಗಟ್ಟಿ. ಲಾಳಿಯ ಸದ್ದನ್ನೂ ಮಾಡಿದರು, ಖಟಕ್ ಪಟಕ್ ಅಂತ. ಹಾಸುಹೊಕ್ಕು ಅನ್ನೋ ಮಾತನ್ನು ನಾನು ಎಷ್ಟು ಸಲ ಬರೆದಿದ್ದೇನೋ, ಒಮ್ಮೆಯೂ ಅದರೊಳಗಿನ ನೂಲು ಕಂಡಿರಲಿಲ್ಲ.

ಆಮೇಲೆ ಪಡಸಾಲೆಯ ತುಂಬ ಪರ್ ಪರ್ ಸದ್ದು. ಟೀ ಶರ್ಟಿನ ತುಂಡು ಮಾತ್ರ ಯಾರ ಮಾತೂ ಕೇಳಲಿಲ್ಲ, ರಬ್ಬರಿನಂತೆ ಹಿಗ್ಗಿ ಅಂಚು ಸುರುಳಿಯಾಯಿತು. ಅದು ನೇಯ್ದದ್ದಲ್ಲ, ಹೆಣೆದದ್ದು ಎಂದು ಮಾವ ಪಕ್ಕಕ್ಕೆ ಹಾಕಿದರು. ಒಬ್ಬಳು ಅದೇ ಸುರುಳಿಯನ್ನು ಎತ್ತಿಕೊಂಡು ಹಾವು ಮಾಡಿದಳು. ಹರಿದ ಅಂಚಿನಿಂದ ಉದುರಿದ ಎಳೆಗಳು ಹುಲ್ಲಾದವು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ನನ್ನ ಕೆರೆಯ ಕಥೆ ಕೇಳಬೇಡಿ. ಒಬ್ಬ ಹಳದಿ ಬಟ್ಟೆ ಮುದ್ದೆ ಮಾಡಿ ಕೆರೆಯ ನಡುವೆ ಮೆತ್ತಿ, ಮೇಲೆ ಬಿಳಿ ಸ್ಯಾಟಿನ್ ಚೂರಿಟ್ಟ. "ದೋಸೆ. ಇದು ಬೆಣ್ಣೆ." ಬಿಳಿ ಕಾಟನ್ ಬೇಡವೇ ಬೇಡ ಅಂದ, ಅದು ಜಾರಲ್ವಂತೆ. ಸರಿಯಾಗೇ ಇತ್ತು ಅಲ್ವಾ? ನಾನು ಬಣ್ಣ ನೋಡಿ ಬಟ್ಟೆ ವಿಂಗಡಿಸಿಟ್ಟಿದ್ದೆ, ಅವರು ಸವರಿ ಆರಿಸುತ್ತಿದ್ದರು. ಗಂಟುಗಂಟು ಟವೆಲ್ ಚೂರು ಮಂಡಕ್ಕಿಯಾಯಿತು. ಸಂಜೆಗೆ ಲೆಕ್ಕ ಹಾಕಿದರೆ ಐದು ದೋಸೆ, ಒಂದು ಹಾವು. ಮನೆಗೆ ಹೋಗಿ ವಾಪಸ್ ಬಂದಿದ್ದವನದು ಮಾತ್ರ ಕೆರೆ, ಅದರಲ್ಲೂ ನೀರು ಕೆಂಪು.

ಒಣಗಲಿ ಎಂದು ಗೋಡೆಗೆ ಒರಗಿಸಿಟ್ಟಿದ್ದೆ. ಬೆಳಗ್ಗೆ ನೋಡಿದರೆ ದೋಸೆಗಳಿಗೆ ಇರುವೆ ಮುತ್ತಿದ್ದವು. ಮೈದಾ ಅಲ್ವಾ, ಅವುಗಳ ತಪ್ಪೇನಿಲ್ಲ. ಕೊಡವಿ ಬಿಸಿಲಿಗೆ ಇಡುತ್ತಿದ್ದಾಗ ಎದುರು ಮನೆಯಾಕೆ ಒಂದು ಪಂಚೆ ಹಿಡಿದುಕೊಂಡು ಬಂದರು. ಗಂಡನದು, ಹೊಸದು. ಒಂದು ತುದಿಯಿಂದ ಉದ್ದಕ್ಕೂ ಹರಿದಿತ್ತು. "ರಾತ್ರಿ ನಮ್ಮ ಹುಡುಗನ ಕೆಲಸ ನೋಡ್ರಿ! ಏನು ಕಲಿಸಿ ಕಳಿಸಿದ್ರಿ?"

ನನಗೆ ಏನು ಹೇಳಬೇಕೋ ತೋಚಲಿಲ್ಲ. ಮಾವ ಕನ್ನಡಕ ಹಾಕಿಕೊಂಡು ಪಂಚೆ ಇಸಿದುಕೊಂಡರು. ಹರಿದ ಅಂಚಿನ ಮೇಲೆ ಬೆರಳಾಡಿಸಿದರು.

"ಹಾಸಿನ ಗುಂಟ ಹರಿದಾನ" ಎಂದರು. "ಒಂದು ಎಳಿನೂ ತಪ್ಪಿಲ್ಲ."